ಇಪ್ಪತ್ತಮೂರು ಹಂತದ ನೀರು

"ಮಾತ್ರೆ ನಾಲಿಗೆ ಮೇಲೆ ಇಟ್ಕೊಳ್ಳೇ, ನೀರು ಈಗ ಬಂದೇಬಿಡುತ್ತೆ," ಎಂದು ಗಡಿಯಾರ ರಿಪೇರಿ ಮಾಡುವ ಗಂಡ ಅಡುಗೆಮನೆಯ ಕಟ್ಟೆಯಿಂದ ಗಾಜಿನ ಗೋಲಿ ಉರುಳಿಬಿಟ್ಟ. ಸೊಂಟ ಮುರಿದು ಇಪ್ಪತ್ತು ದಿನದಿಂದ ಮಂಚ ಹಿಡಿದಿದ್ದ ಹೆಂಡತಿ ಹೇಳಿದಂತೆ ಮಾಡಿದಳು. ಅವನು ಕಟ್ಟಿದ ಯಂತ್ರದ ಫೋಟೋ ತೆಗೆಯಲು ಪತ್ರಿಕೆಯಿಂದ ಬಂದಿದ್ದ ಹುಡುಗಿ ಕ್ಯಾಮೆರಾ ಎತ್ತಿದಳು.

ಗೋಲಿ ಹಳೇ ಪೈಪಿನೊಳಗೆ ಉರುಳಿ ಸೌಟಿಗೆ ಬಡಿಯಿತು. ಸೌಟು ಸಾಲಾಗಿ ನಿಂತಿದ್ದ ಪುಸ್ತಕಗಳನ್ನು ಕೆಡವಿತು, ಕೊನೆಯ ಪುಸ್ತಕ ಆಟದ ಕಾರನ್ನು ತಳ್ಳಿತು. ಎಲ್ಲವೂ ಸರಿಹೋದರೆ ಇಪ್ಪತ್ತಮೂರನೆಯ ಹಂತದಲ್ಲಿ, ಮಂಚದ ಮೇಲೆ ಕೈಗೆಟುಕದಷ್ಟು ಎತ್ತರದಲ್ಲಿ ತೂಗುತ್ತಿದ್ದ ಜಗ್ಗು ಬಾಗಿ ಲೋಟಕ್ಕೆ ನೀರು ಸುರಿಯಬೇಕು.

"ಇವಳ ಸೇವೆಗೆ ಅಂತಲೇ ಕಟ್ಟಿದ್ದು," ಎಂದು ಅವನು ಹುಡುಗಿಗೆ ಆಗಲೇ ಎರಡು ಸಲ ಹೇಳಿದ್ದ. ಭಾರಿ ಸೇವೆ! ಹೆಂಡತಿ ಜಾರಿದ್ದು ಬಚ್ಚಲಿನ ಸಡಿಲ ಕಲ್ಲಿನ ಮೇಲೆ. ಅದನ್ನು ಸರಿ ಮಾಡಿ ಎಂದು ವರ್ಷವಿಡೀ ಹೇಳಿ ಅವಳ ಬಾಯಿ ಸೋತಿತ್ತು. ಕಲ್ಲು ಇವತ್ತಿಗೂ ಅಲುಗುತ್ತದೆ.

ಕಾರು ಹೊಸಿಲ ಬಳಿ ನಿಂತುಬಿಟ್ಟಿತು.

"ಇನ್ನೊಂದ್ಸಲ ಬಿಡ್ತೀನಿ, ಹತ್ತು ನಿಮಿಷ ಅಷ್ಟೇ."

"ರೀ, ಮಾತ್ರೆ ಕರಗ್ತಿದೆ. ಒಂದು ಲೋಟ ನೀರು ನೀವೇ ತಂದ್ಕೊಡಿ."

"ಸುಮ್ನಿರೇ! ಮಧ್ಯೆ ಯಾರೂ ಮುಟ್ಟಬಾರ್ದು. ಇಷ್ಟೆಲ್ಲ ಯಾರಿಗೋಸ್ಕರ ಒದ್ದಾಡ್ತಿದ್ದೀನಿ?"

ಕಹಿ ನಾಲಿಗೆಯಿಂದ ಗಂಟಲಿಗಿಳಿಯಿತು. ಅವನು ಮಂಡಿಯೂರಿ, ಬಿದ್ದ ಪುಸ್ತಕಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಎಂಥ ಜೋಪಾನ, ಎಂಥ ತಾಳ್ಮೆ! ಇಪ್ಪತ್ತು ದಿನದಲ್ಲಿ ತನ್ನನ್ನು ಒಮ್ಮೆಯಾದರೂ ಹಾಗೆ ಎಬ್ಬಿಸಿ ಕೂರಿಸಿದ್ದನೇ? ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಹುಡುಗಿ ಕ್ಯಾಮೆರಾ ಕೆಳಗಿಟ್ಟಳು. ಪುಸ್ತಕದ ಸಾಲನ್ನು ದಾಟಿ ಅಡುಗೆಮನೆಗೆ ಹೋಗಿ ಲೋಟ ತುಂಬಿ ತಂದಳು. ಮಲಗಿದ್ದವಳ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದು ಕುಡಿಸಿದಳು.

"ಅಯ್ಯೋ, ಏನಮ್ಮಾ ನೀನು!" ಗಂಡ ತಲೆ ಚಚ್ಚಿಕೊಂಡ. "ಈಗಲೇ ಕುಡಿದ್ಬಿಟ್ರೆ ಫೋಟೋದಲ್ಲಿ ಇವಳು ಏನು ಕುಡೀತಾಳೆ?"

ಹೆಂಡತಿ ಅವನತ್ತ ತಿರುಗಲಿಲ್ಲ. ಲೋಟದ ತಳ ಕಾಣುವವರೆಗೂ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡಳು.

"ಅಡುಗೆಮನೆಯಿಂದ ಇಲ್ಲಿಗೆ ಎಷ್ಟು ಹೆಜ್ಜೆ ಆಯ್ತು ಮಗಳೇ?"

"ಆರೋ ಏಳೋ ಇರ್ಬೇಕಮ್ಮ."

"ಏಳು ಅಂತಲೇ ಬರ್ಕೋ," ಎಂದಳು. "ಇವರ ಇಪ್ಪತ್ಮೂರರ ಪಕ್ಕದಲ್ಲೇ ಬರ್ಕೋ."