ಹದಿನಾರನೆಯ ಬಡಿತ

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಗಾಜಿನ ಬಟ್ಟಲೊಳಗೆ ಮೌಲಾಸಾಬರ ಎರಡನೆಯ ಹೃದಯ ಬಡಿಯುತ್ತಿತ್ತು. ಅವರದೇ ರಕ್ತದಿಂದ ಬೆಳೆಸಿದ್ದು, ಹುಣಸೆ ಬೀಜದಷ್ಟು ದೊಡ್ಡದು. ಹೃದಯ ಸೋತವರಿಗೆಲ್ಲ ಈಗ ಇಂಥದೊಂದು ಇರುತ್ತದೆ. ಹೊಸ ಔಷಧಿ ಮೊದಲು ಅದಕ್ಕೆ. ರೋಗಿ ದಿನವಿಡೀ ಎದುರಿಗೆ ಕೂತು ನೋಡಿ, ಒಪ್ಪಿ ಸಹಿ ಹಾಕಿದ ಮೇಲೆ ಮಾತ್ರೆ ಅವನ ಕೈಗೆ.

ಐದು ಔಷಧಿಗಳು ಕೈಕೊಟ್ಟಿದ್ದವು. ಇಂದು ಆರನೆಯದರ ಹನಿ ಬಿದ್ದದ್ದೇ ತಡ, ಆ ಬೀಜ ಮುಷ್ಟಿ ಬಿಗಿದಂತೆ ಬಡಿಯತೊಡಗಿತು. ತಬಲಾದ ಚರ್ಮ ಬಿಗಿಯಲು ಉಸಿರು ಸಾಲದೆ ಆರು ತಿಂಗಳಿಂದ ಅಂಗಡಿ ಮುಚ್ಚಿದ್ದ ಮೌಲಾಸಾಬರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದರು, ಕೂತರು, ಬಡಿತ ಕೇಳಿಸುವ ಪುಟ್ಟ ಸ್ಪೀಕರಿಗೆ ಕಿವಿಗೊಟ್ಟರು. ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಬಡಿತಕ್ಕೊಂದರಂತೆ ತೀನ್‌ತಾಲದ ಹದಿನಾರು ತಾಳಮಾತ್ರೆ ಎಣಿಸತೊಡಗಿತು.

ನಾಲ್ಕು ಗಂಟೆಗೆ ನರ್ಸ್ ಗಿರಿಜಾ ಕಾಗದ ತಂದಳು.

"ಮಷಿನ್ ಪರದೆ ಮ್ಯಾಲೆ ಎಲ್ಲಾ ಸರಿ ಐತ್ರಿ, ಸಾಬರ. ಸಹಿ ಹಾಕ್ರಿ."

ಹೆಂಡತಿ ಜೈತುನಬಿ ಪೆನ್ನು ಮುಂದೆ ಹಿಡಿದಳು.

"ಹದಿನಾರನೇದು ತಡಾ ಬರಾಕತ್ತೇತಿ," ಎಂದರು ಮೌಲಾಸಾಬರು. "ಒಂದ ಕೂದಲೆಳೆಯಷ್ಟ. ಆದ್ರ ಪ್ರತಿ ಸಲಾನೂ."

"ಮಷಿನ್‌ಗೆ ತಿಳೀದ್ದು ನಿಮಗ ತಿಳೀತೇನ್ರಿ?" ಜೈತುನಬಿ ಪೆನ್ನನ್ನು ಅವರ ಬೆರಳುಗಳ ನಡುವೆ ತುರುಕಿದಳು. "ಇನ್ನೆಷ್ಟ ದಿನಾ ಕಾಯೂದು?"

ಮೌಲಾಸಾಬರು ಪೆನ್ನನ್ನು ಕಾಗದದ ಮೇಲಿಟ್ಟು ಗಿರಿಜಾಳತ್ತ ಸರಿಸಿದರು. "ಏಳನೇದು ಯಾವಾಗ ಹಾಕ್ತಿ, ಹೇಳವ್ವಾ."

ಲಿಫ್ಟಿಗೆ ಕಾಯುವಾಗ ಅವರ ಎಡ ಅಂಗೈ ತಮ್ಮದೇ ಎದೆಯ ಬಡಿತದ ಮೇಲಿತ್ತು. ಬಲಗೈಯ ಹೆಬ್ಬೆರಳು ಮತ್ತೆ ಗೆಣ್ಣಿನಿಂದ ಗೆಣ್ಣಿಗೆ ನಡೆಯಿತು. ಹದಿಮೂರು, ಹದಿನಾಲ್ಕು, ಹದಿನೈದು.

ಹದಿನಾರನೆಯದಕ್ಕೆ ಕಾಯದೆ ಅವರು ಮುಷ್ಟಿ ಮುಚ್ಚಿಬಿಟ್ಟರು.