ಬ್ಯಾಟರಿ ನುಂಗುವ ಕಾರು

ನಾಲತವಾಡದ ಸಾವಕಾರ ಬಸಂತರಾಯನ ಕೆಂಪು ಸ್ಪೋರ್ಟ್ಸ್ ಕಾರು ಮುದ್ದೇಬಿಹಾಳ ಪೇಟೆಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ನೋಡಿದವರೆಲ್ಲ ಹಲ್ಲು ಕಿಸಿದರು. ಇಪ್ಪತ್ತೈದು ವರ್ಷದ ಹಳೆಯ ಗಾಡಿ, ಇರುವುದೇ ಎರಡು ಸೀಟು. ಒಂದರಲ್ಲಿ ಮುಖ ಗಂಟಿಕ್ಕಿಕೊಂಡ ಬಸಂತರಾಯ, ಇನ್ನೊಂದರಲ್ಲಿ ಅವನ ಮುದಿ ತಾಯಿ ಕಸ್ತೂರೆವ್ವ. ಟ್ರ್ಯಾಕ್ಟರ್ ನಿಂತದ್ದು ರಹಿಮಾಬಿಯ ಮೋಟಾರು ರಿಪೇರಿ ಅಂಗಡಿ ಮುಂದೆ.

"ಮೂರು ತಿಂಗಳದಾಗ ಮೂರು ಬ್ಯಾಟರಿ ನುಂಗೈತಿ ಭಾಬಿ," ಎಂದ ಬಸಂತರಾಯ. "ಬಂದ್ ಮಾಡಿ ಇಟ್ರ ಮೂರನೇ ದಿನಕ್ಕ ಸತ್ತು ಬಿದ್ದಿರತೈತಿ. ಒಬ್ಬಾಂವ ಡೈನಮೋ ಅಂದ, ಇನ್ನೊಬ್ಬಾಂವ ವಾಯರಿಂಗ್ ಪೂರಾ ಬದಲಾ ಮಾಡ್ರಿ ಅಂದ. ನಿನ್ನ ಗಂಡ ಇದ್ದಿದ್ರ..."

"ಅವರಿಲ್ರಿ. ನಾ ಇದ್ದೇನಲ್ರಿ."

ಪಕ್ಕದ ಗ್ಯಾರೇಜಿನ ಶ್ರೀಶೈಲನಿಗೆ ಬಾಯಿ ಸುಮ್ಮನಿರಲಿಲ್ಲ. "ಸಾವಕಾರ್ರ, ಭಾಬಿ ಪಂಪಸೆಟ್ ವೈಂಡಿಂಗ್ ಭಾಳ ಚಂದ ಮಾಡ್ತಾರ್ರಿ. ಆದ್ರ ಕಾರಿನ ವಾಯರಿಂಗ್ ಅಂದ್ರ ಕೌದಿ ಹೊಲದಂಗ ಅಲ್ರಿ!"

ಗಂಡ ಸತ್ತ ಎರಡು ವರ್ಷದಿಂದ ರಹಿಮಾಬಿ ಕೇಳುತ್ತ ಬಂದದ್ದು ಇದೇ ಮಾತು. ಪಂಪಿನ ಮೋಟಾರು ಅವಳ ಬಾಗಿಲಿಗೆ, ಕಾರುಗಳೆಲ್ಲ ಪಕ್ಕದ ಗ್ಯಾರೇಜಿಗೆ. ಗಂಡನ ಪಕ್ಕದಲ್ಲಿ ಹದಿನೆಂಟು ವರ್ಷ ಕೂತು ಅವಳೇನು ಬರೀ ಚಹಾ ಕಾಸಿದ್ದಳೇ? ಸಿಟ್ಟು ನೆತ್ತಿಗೇರಿತು.

"ಕೇಳ್ರಿ ಎಲ್ಲಾರೂ! ಮಸೂತ್ಯಾಗ ಸಂಜಿ ಬಾಂಗ್ ಆಗೂದ್ರೊಳಗ ಈ ಕರೆಂಟ್ ಕಳ್ಳನ್ನ ಹಿಡೀಲಿಲ್ಲಂದ್ರ ಅಂಗಡಿ ಬೋರ್ಡ್ ನಾನ ಕೈಯಾರೆ ಇಳಸ್ತೇನಿ."

ಆಡಿದ ಮೇಲೆ ದುಡುಕಿದೆನೇನೋ ಅನಿಸಿತು. ಆದರೆ ಆಡಿದ ಮಾತು ಒಡೆದ ಮುತ್ತು. ಚಾರ್ಜ್ ಇದ್ದ ಬ್ಯಾಟರಿ ತಂದು ಕಾರಿಗೆ ಕೂರಿಸಿದಳು. ಅದರ ಒಂದು ವಾಯರ್ ಬಿಚ್ಚಿ, ನಡುವೆ ಸಣ್ಣದೊಂದು ಬಲ್ಬು ಸಿಕ್ಕಿಸಿದಳು. ಗಾಡಿಯಲ್ಲಿ ಎಲ್ಲವೂ ಬಂದ್ ಇದ್ದರೆ ಈ ಬಲ್ಬು ಹತ್ತಬಾರದು. ಹತ್ತಿತೆಂದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಕೀಲಿ ತೆಗೆದಾಗಿತ್ತು, ಬಾಗಿಲು ಹಾಕಿತ್ತು. ಬಲ್ಬು ಹತ್ತಿಯೇ ಬಿಟ್ಟಿತು.

ಡೈನಮೋ ವಾಯರ್ ಬಿಚ್ಚಿದಳು. ಬಲ್ಬು ಆರಲಿಲ್ಲ. ಆಮೇಲೆ ಒಂದೊಂದೇ ಫ್ಯೂಜ್ ಕಿತ್ತು ನೋಡತೊಡಗಿದಳು; ಯಾವುದನ್ನು ಕಿತ್ತಾಗ ಬಲ್ಬು ಆರುವುದೋ ಅಲ್ಲೇ ಕಳ್ಳ. ಹಾರನ್ನು, ವೈಪರ್, ಟೇಪು, ದೊಡ್ಡ ಲೈಟು, ಯಾವುದನ್ನು ಕಿತ್ತರೂ ಬಲ್ಬು ಉರಿಯುತ್ತಲೇ ಇತ್ತು. ಬಿಸಿಲು ಇಳಿಯುತ್ತ ಬಂತು, ಜನ ಹೆಚ್ಚಾದರು. "ನಿಚ್ಚಣಿಕಿ ತರ್ಲ್ಯಾ ಭಾಬಿ, ಬೋರ್ಡ್ ಇಳಸಾಕ?" ಎಂದ ಶ್ರೀಶೈಲ. ರಹಿಮಾಬಿ ಸೆರಗಿನಿಂದ ಹಣೆ ಒರೆಸಿಕೊಂಡು ಇನ್ನೊಂದು ಫ್ಯೂಜ್ ಕಿತ್ತಳು. ಬಲ್ಬು ಪಟ್ಟನೆ ಆರಿತು.

ಅದು ಗಾಡಿಯ ಒಳಗಿನ ದೀಪಗಳ ಫ್ಯೂಜ್. ಆದರೆ ಕಿಟಕಿಯಲ್ಲಿ ಇಣುಕಿದರೆ ಒಳಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಹಾಗಾದರೆ ಮುಚ್ಚಿದಾಗ ಕಣ್ಣಿಗೆ ಬೀಳದ ದೀಪ ಯಾವುದು? ಡಿಕ್ಕಿಯದು! ಫ್ಯೂಜ್ ವಾಪಸ್ ಹಾಕಿ, ಬ್ಯಾಟರಿ ವಾಯರ್ ಮೊದಲಿನಂತೆ ಜೋಡಿಸಿ, ಹತ್ತು ನಿಮಿಷ ಸುಮ್ಮನೆ ಕೂತಳು. ಆಮೇಲೆ ಡಿಕ್ಕಿ ತೆರೆದವಳೇ ನೇರ ಒಳಗಿನ ಬಲ್ಬಿಗೆ ಬೆರಳು ಹಚ್ಚಿದಳು. ಬೆರಳು ಚುರ್ ಎಂದಿತು. ಈಗಷ್ಟೇ ಹತ್ತಿದ ದೀಪ ಹೀಗೆ ಸುಡುವುದಿಲ್ಲ. ಡಿಕ್ಕಿ ಮುಚ್ಚಿದ್ದಾಗಲೂ ಅದು ಹಗಲು ರಾತ್ರಿ ಉರಿಯುತ್ತಿತ್ತು.

ಡಿಕ್ಕಿಯ ಅಂಚಿನಲ್ಲಿ ಸಣ್ಣದೊಂದು ಗುಂಡಿ ಇರುತ್ತದೆ. ಮುಚ್ಚಳ ಅದನ್ನು ಒತ್ತಿದರೆ ದೀಪ ಆರುತ್ತದೆ. ಆ ಗುಂಡಿಯ ಕುತ್ತಿಗೆಗೆ ಕರಿದಾರ ಸುತ್ತಿತ್ತು, ಒಂದರ ಮೇಲೊಂದು ಮೂರು ಗಂಟು. ದಾರ ಅಡ್ಡವಾಗಿ ಗುಂಡಿ ಒಳಗೆ ಹೋಗುತ್ತಲೇ ಇರಲಿಲ್ಲ. ಗೆದ್ದೆ ಎಂದು ಕೂಗಬೇಕೆಂದು ರಹಿಮಾಬಿ ತಲೆ ಎತ್ತಿದರೆ, ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅಮಾವಾಸ್ಯೆಗೊಂದರಂತೆ ಮೂರು ಗಂಟು, ಮೂರು ಬ್ಯಾಟರಿ. ರಹಿಮಾಬಿಗೆ ಎಲ್ಲ ತಿಳಿಯಿತು. ಗಂಟುಗಳನ್ನು ಉಗುರಿನಿಂದ ಬಿಡಿಸಿ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಏನಾಗಿತ್ತು ಭಾಬಿ?" ಎಂದ ಬಸಂತರಾಯ.

"ಗುಂಡಿ ಜಾಮ್ ಆಗಿತ್ರಿ. ಹಳೇ ಗಾಡಿ ನೋಡ್ರಿ."

"ಇಷ್ಟನಾ?" ಶ್ರೀಶೈಲ ನಕ್ಕ. "ಇದನ್ನ ಯಾರರೆ ಹಿಡೀತಿದ್ರು ಬಿಡ್ರಿ."

ದಾರ ತೋರಿಸಿ ಅವನ ಬಾಯಿ ಮುಚ್ಚಿಸಬೇಕೆನಿಸಿತು ರಹಿಮಾಬಿಗೆ. ಆದರೂ ಮುಷ್ಟಿ ಬಿಚ್ಚಲಿಲ್ಲ. ಗದರಿದ್ದು ಮುದುಕಿ.

"ಏ ಶಾಣ್ಯಾ! ಯಾರರೆ ಹಿಡೀತಿದ್ರೇನು? ಮೂರು ತಿಂಗಳ ದೊಡ್ಡ ದೊಡ್ಡ ಊರಾನ ಮಂದಿ ನೋಡ್ಯಾರ, ನಾ ಹಾಕಿದ ಗಂಟು ಒಬ್ಬನ ಕಣ್ಣಿಗೂ ಬಿದ್ದಿಲ್ಲ!"

"ಅವ್ವಾ, ನೀನ?" ಬಸಂತರಾಯ ತಾಯಿಯ ಕಡೆ ತಿರುಗಿದ.

"ಹೌದೋ, ನಾನ. ಗಾಡಿಗೆ ದೃಷ್ಟಿ ಆಗಬಾರದಂತ ಅಮಾಸಿಗೊಮ್ಮೆ ಕಟ್ಟೇನಿ. ಮುಂದ ಕಟ್ಟಿದ್ರ ಚಂದ ಕಾಣೂದಿಲ್ಲಂತ ಕಿತ್ತ ಒಗೀತಿದ್ದಿ, ಅದಕ್ಕ ಒಳಗ ಕಟ್ಟೇನಿ. ಈಕಿ ಹಿಡದಾಳ. ಹಿಡದೂ ನನ್ನ ಮಾನಾ ಮುಚ್ಯಾಳ."

ಬಸಂತರಾಯ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಗುಟುರು ಹಾಕಿತು. ಜನ ಚಪ್ಪಾಳೆ ಬಡಿದರು, ರಹಿಮಾಬಿಗೆ ಆ ಹೊತ್ತು ತಾನು ಒಂದು ಮೊಳ ಎತ್ತರ ಬೆಳೆದಂತೆನಿಸಿತು. ಕಸ್ತೂರೆವ್ವ ಅವಳ ಮುಷ್ಟಿ ಬಿಡಿಸಿ ಕರಿದಾರ ತೆಗೆದುಕೊಂಡಳು. ಗ್ರೀಸು ಮೆತ್ತಿದ ಆ ಬಲಗೈಗೆ, ಇಡೀ ಪೇಟೆಯ ಎದುರು, ಬಿಗಿಯಾಗಿ ಕಟ್ಟಿದಳು.

"ಗಾಡಿಗಲ್ಲ ಮಗಳ," ಎಂದಳು, "ದೃಷ್ಟಿ ಆಗೂದು ಈ ಕೈಗೆ."