ಕಿವಿಯಂತ್ರದ ಬೆಲೆ

"ಮುಂದಿನದು, ಕಿವಿಯಂತ್ರ ಒಂದು," ಎನ್ನುತ್ತಾ ಬೆಲೆ ಕಟ್ಟುವವನು ಅಪ್ಪನ ಪೆಟ್ಟಿಗೆಯಿಂದ ಗೋಡಂಬಿಯಾಕಾರದ ವಸ್ತುವೊಂದನ್ನು ಎತ್ತಿ ಮೇಜಿನ ಮೇಲಿಟ್ಟ. ಎದುರಿಗೆ ಕೂತಿದ್ದ ಮಗ, ಲಿಫ್ಟ್ ಮೆಕ್ಯಾನಿಕ್, ಮುಖ ತಿರುಗಿಸಿಕೊಂಡ.

ಬೆಳಗಿನಿಂದ ಗಡಿಯಾರ, ಕೋಟು, ಎರಡು ಕನ್ನಡಕ, ಷೇವಿಂಗ್ ಸೆಟ್ಟು ಎಲ್ಲವೂ ಪಟ್ಟಿ ಸೇರಿದ್ದವು. ಆಸ್ತಿ ಅಕ್ಕ ತಮ್ಮನ ಹೆಸರಿಗೆ ಆಗಬೇಕಾದರೆ ಸತ್ತವರ ಚಮಚವನ್ನೂ ಬಿಡದೆ ಬರೆಸಬೇಕು ಎಂದಿದ್ದರು ವಕೀಲರು. ಉಳಿದ ಎಲ್ಲದಕ್ಕೂ ಅವನು ತಣ್ಣಗೆ ಉತ್ತರ ಕೊಟ್ಟಿದ್ದ. ಇದೊಂದು ಹೊರಗೆ ಬಾರದಿರಲಿ ಎಂದುಕೊಂಡಿದ್ದ.

ಅದನ್ನು ಅಪ್ಪನಿಗೆ ತಂದುಕೊಟ್ಟವನೇ ಅವನು. ಅದೇ ಅವನಿಗೆ ಮುಳುವಾಗಿತ್ತು. ಅಪ್ಪ ಸಾಯುವ ಮೂರು ದಿನ ಮೊದಲು, ಮಧ್ಯಾಹ್ನ, ಇದೇ ಕೋಣೆಯ ಕಿಟಕಿಯಾಚೆ ನೋಡುತ್ತಾ ಫೋನಿನಲ್ಲಿ ಜೊತೆ ಕೆಲಸಗಾರನಿಗೆ ಅಂದಿದ್ದ: "ಇನ್ನೆಷ್ಟು ದಿನ ಎಳೀತಾರೋ. ಬೇಗ ಹೋದ್ರೆ ಸಾಕಪ್ಪ, ನನ್ನ ಕೈಲಾಗಲ್ಲ." ಹೇಳಿ ತಿರುಗಿದರೆ ಮಂಚದ ಮೇಲೆ ಅಪ್ಪ ಕಣ್ಣು ಬಿಟ್ಟುಕೊಂಡಿದ್ದರು. ಕಿವಿಯಲ್ಲಿ ಯಂತ್ರವಿತ್ತು. ಬೆರಳಾಡಿಸಿ ಹತ್ತಿರ ಕರೆದರು. ಕೈ ಎತ್ತಿ ಅವನ ಅಂಗಿಯ ಕಾಲರ್ ಸರಿಮಾಡಿದರು. ಆ ಕೈ ಆಮೇಲೆ ನಾಲ್ಕು ತಿಂಗಳೂ ಅವನ ಕತ್ತಿನ ಮೇಲೇ ಇತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಕ್ಷಮಿಸಿಬಿಟ್ಟಿದ್ದರು.

"ಇದು ಕೆಲಸ ಮಾಡ್ತಿತ್ತಾ?" ಬೆಲೆ ಕಟ್ಟುವವನು ಕೇಳಿದ.

"ಚೆನ್ನಾಗೇ," ಎಂದ ಮೆಕ್ಯಾನಿಕ್. "ದಿನಾ ಸಂಜೆ ಎದುರಿಗೆ ಕೂತು, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ ಕಥೆ ಹೇಳ್ತಿದ್ದೆ. ನಗಬೇಕಾದ ಕಡೆ ಸರಿಯಾಗಿ ನಗ್ತಿದ್ರು."

ಬೆಲೆ ಕಟ್ಟುವವನು ಉಗುರಿನಿಂದ ಪುಟ್ಟ ಮುಚ್ಚಳ ತೆರೆದು ಭೂತಗನ್ನಡಿ ಹಿಡಿದ. ಹುಬ್ಬು ಮೇಲೇರಿತು. "ಅದು ಹೇಗೆ ಸಾಧ್ಯ? ಬ್ಯಾಟರಿ ಮೇಲಿನ ಕಿತ್ತಳೆ ಸ್ಟಿಕ್ಕರ್ ಹಾಗೇ ಇದೆಯಲ್ಲ. ಇದನ್ನ ಕಿತ್ತು ಗಾಳಿ ಆಡಿಸಿದ್ರೇನೇ ಜೀವ ಬರೋದು. ಪ್ಯಾಕೆಟ್ಟಲ್ಲಿ ಉಳಿದ ಐದನ್ನಂತೂ ಮುಟ್ಟೇ ಇಲ್ಲ. ಈ ಯಂತ್ರ ಒಂದು ದಿನಾನೂ ಕೆಲಸ ಮಾಡಿಲ್ಲ."

ಅಪ್ಪನ ಮಂಚದ ಮೇಲೆ ಕೂತು ಅವರ ಅಂಗಿಗಳನ್ನು ಮಡಚುತ್ತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಂಡೋರ ಲಿಫ್ಟೆಲ್ಲಾ ರಿಪೇರಿ ಮಾಡ್ತೀಯ, ಒಂದು ಸ್ಟಿಕ್ಕರ್ ಕಾಣಲಿಲ್ವೇನೋ?"

"ಮುಟ್ಟೋಕೆ ಬಿಟ್ರೆ ತಾನೆ! ನಾನೇನು ಮಗೂನಾ ಅಂತ ರೇಗಿ ತಾವೇ ಹಾಕ್ಕೊಂಡ್ರು."

"ನಿಂಗೆ ಬೇಜಾರಾಗಬಾರದು ಅಂತ ಹಾಕ್ಕೊಂಡಿದ್ರೋ ಏನೋ. ಅವರಿಗೆಲ್ಲಿ ಕಿವಿ ಬೇಕಿತ್ತು? ಮೂವತ್ತು ವರ್ಷ ಬಟ್ಟೆ ಮಿಲ್ಲಿನ ಗದ್ದಲದಲ್ಲಿ ತುಟಿ ನೋಡಿಕೊಂಡೇ ಮಾತಾಡ್ದೋರು. ನಿನ್ನ ಕಥೆಗಳನ್ನೂ ತುಟಿ ನೋಡೇ ಓದಿಕೊಂಡಿದ್ದಾರೆ."

ಅವನ ಎದೆಯಿಂದ ಇಳಿಯತೊಡಗಿದ್ದ ಭಾರ ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು. ತುಟಿ!

ಅವನು ಎದ್ದುಹೋಗಿ ಕಿಟಕಿಯ ಮುಂದೆ, ಅವತ್ತು ನಿಂತಿದ್ದ ಹಾಗೆಯೇ ನಿಂತ. ಹೊರಗೆ ಅವತ್ತಿನಂಥದೇ ಸುಡುಬಿಸಿಲು. ಅದೇ ಮಾತನ್ನು, ಒಂದಕ್ಷರವೂ ಬಿಡದೆ, ದನಿಯಿಲ್ಲದೆ ತುಟಿಯಲ್ಲಷ್ಟೇ ಆಡಿದ.

"ಅಕ್ಕಾ, ನಾನೀಗ ಏನಂದೆ?"

"ಏನಾದ್ರೂ ಅಂದ್ಯಾ? ನಂಗೆ ನಿನ್ನ ಬೆನ್ನು ಕಾಣ್ತಿದೆ, ಅಷ್ಟೆ."

"ಗಾಜಲ್ಲಿ? ಗಾಜಲ್ಲಿ ಮುಖ ಕಾಣಲ್ವಾ?"

"ಎದುರುಮನೆಯೋರು ಒಣಹಾಕಿರೋ ಬಟ್ಟೆ ಕಾಣ್ತಿದೆ. ಏನಾಯ್ತೋ ನಿಂಗೆ?"

ಅವನು ಬಿಸಿ ಗಾಜಿಗೆ ಹಣೆ ಆನಿಸಿದ. ನಾಲ್ಕು ತಿಂಗಳ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು.

"ಹಾಗಾದ್ರೆ ಇದಕ್ಕೆ ಸೊನ್ನೆ ಅಂತ ಬರ್ಕೊಳ್ಳಲಾ?" ಬೆಲೆ ಕಟ್ಟುವವನು ಪೆನ್ನು ಹಿಡಿದು ಕಾಯುತ್ತಿದ್ದ.

"ಸೊನ್ನೆ ಸಾರ್! ದೊಡ್ಡದಾಗೇ ಬರ್ಕೊಳ್ಳಿ."

"ಅದಿರಲಿ, ಇಲ್ಲಿ ಬಾ," ಅಕ್ಕ ಮಂಚದಿಂದಲೇ ಬೆರಳಾಡಿಸಿ ಕರೆದಳು. "ಕಾಲರ್ ಒಳಗೆ ಮಡಚ್ಕೊಂಡಿದೆ ನೋಡು."